ಸೋರುವ ಕಿವಿಗೆ ಜೇನಂಟು: ಔಷಧದ ಜೊತೆಗೋ, ಔಷಧದ ಬದಲಿಗೋ?

ಆಷಾಢದ ಜಡಿಮಳೆ ಹಿಡಿದ ದಿನಗಳಲ್ಲಿ ಮಲೆನಾಡಿನ ಪ್ರಾಥಮಿಕ ಶಾಲೆಯೊಂದರ ತರಗತಿಯೊಳಗೆ ಕಾಲಿಟ್ಟರೆ, ಒಂದಿಬ್ಬರು ಮಕ್ಕಳ ಕಿವಿಯಲ್ಲಿ ಹತ್ತಿಯ ಉಂಡೆ ಕಾಣಸಿಗುವುದು ಅಪರೂಪವೇನಲ್ಲ. ಹತ್ತಿರ ಕುಳಿತ ಮಕ್ಕಳು ಮೂಗು ಮುಚ್ಚಿಕೊಂಡು ಸ್ವಲ್ಪ ಸರಿದು ಕೂರುತ್ತಾರೆ. ಹತ್ತಿ ಇಟ್ಟುಕೊಂಡ ಮಗು ತಾನಾಗಿಯೇ ಹಿಂದಿನ ಸಾಲಿಗೆ ಹೋಗುತ್ತದೆ. ಅಲ್ಲಿಗೆ ಮೇಷ್ಟರ ಮಾತು ಅರ್ಧವಷ್ಟೇ ತಲುಪುತ್ತದೆ. ವರ್ಷ ಕಳೆಯುವಷ್ಟರಲ್ಲಿ ‘ಈ ಹುಡುಗನಿಗೆ ವಿದ್ಯೆ ಹತ್ತುವುದಿಲ್ಲ’ ಎಂಬ ತೀರ್ಮಾನವೂ ಆಗಿಬಿಡುತ್ತದೆ. ಕೇಳಿಸದೇ ಇರುವುದಕ್ಕೂ ತಿಳಿಯದೇ ಇರುವುದಕ್ಕೂ ಇರುವ ಅಂತರವನ್ನು ಗುರುತಿಸುವ ವ್ಯವಧಾನ ಯಾರಿಗಿದೆ? ಮನೆಯ ಹಿರಿಯರದು ಇನ್ನೊಂದು ಸಮಾಧಾನ: ‘ಕಿವಿ ಸೋರುವುದು ಮಳೆಗಾಲದ ಶೀತ, ಬೇಸಿಗೆ ಬಂದರೆ ಒಣಗುತ್ತದೆ.’

ಬೇಸಿಗೆಯಲ್ಲಿ ಒಣಗುತ್ತದೆ, ನಿಜ. ಮುಂದಿನ ಮಳೆಗೆ ಮತ್ತೆ ಸೋರುತ್ತದೆ, ಅದೂ ನಿಜ. ಒಣಗುವ ಮತ್ತು ಸೋರುವ ಈ ಸರದಿಯ ನಡುವೆ ಕಿವಿಯ ತಮಟೆಯಲ್ಲಿ ಬಿದ್ದ ತೂತು ಹಾಗೆಯೇ ಉಳಿದಿರುತ್ತದೆ. ನಡುಗಿವಿಯ ಸೋಂಕು ತಮಟೆಯನ್ನು ತೂತುಮಾಡಿ ಎರಡು ವಾರಕ್ಕೂ ಮಿಕ್ಕಿ ಕೀವು ಹರಿಯುತ್ತಿದ್ದರೆ ಅದನ್ನು ದೀರ್ಘಕಾಲಿಕ ಸೋಂಕೆಂದು ವಿಶ್ವ ಆರೋಗ್ಯ ಸಂಸ್ಥೆ ಕರೆಯುತ್ತದೆ. ಅದೇ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಜಗತ್ತಿನಲ್ಲಿ ಆರೂವರೆ ಕೋಟಿಯಿಂದ 33 ಕೋಟಿಯವರೆಗಿನ ಜನರ ಕಿವಿ ಸೋರುತ್ತಿತ್ತು. ಅವರಲ್ಲಿ ನೂರಕ್ಕೆ 60 ಮಂದಿಗೆ ಗಣನೀಯವಾದ ಶ್ರವಣದೋಷವಿತ್ತು. ಶೇಕಡಾ 4ಕ್ಕಿಂತ ಹೆಚ್ಚು ಜನ ಈ ಕಾಯಿಲೆಯಿಂದ ಬಳಲುವ ದೇಶಗಳ ಪಟ್ಟಿಯಲ್ಲಿ ಭಾರತದ ಹೆಸರೂ ಇತ್ತು. ಸೋಂಕು ಎಲುಬನ್ನು ಕೊರೆದು ಮೆದುಳಿನ ಪೊರೆಯನ್ನು ಮುಟ್ಟಿದರೆ ಪ್ರಾಣಕ್ಕೇ ಕುತ್ತು. ಇಷ್ಟಾದರೂ ಕಿವಿ ಸೋರುವುದನ್ನು ಕಾಯಿಲೆಯೆಂದು ಒಪ್ಪಿಕೊಳ್ಳಲು ಸಮಾಜ ಹಿಂಜರಿಯುತ್ತದೆ. ಬಡವರ ಮಕ್ಕಳ ಕಾಯಿಲೆಗಳಿಗೆಲ್ಲ ಒದಗುವ ಗತಿಯೇ ಇದು.

ಇಂಥ ಕಿವಿಗೆ ಮಲೆನಾಡಿನ ಮನೆಗಳಲ್ಲಿ ಏನನ್ನೆಲ್ಲ ಸುರಿಯಲಾಗಿದೆಯೆಂದು ಪಟ್ಟಿಮಾಡಲು ಹೊರಟರೆ ಪುಟ ಸಾಲದು. ಬೆಳ್ಳುಳ್ಳಿ ಹಾಕಿ ಕಾಯಿಸಿದ ತೆಂಗಿನೆಣ್ಣೆ, ಸೊಪ್ಪಿನ ರಸ, ಎದೆಹಾಲು. ತಮಟೆ ಹರಿಯದ ಕಿವಿಯಲ್ಲಿ ಇವುಗಳಿಂದ ಅಪಾಯ ಕಡಿಮೆಯಿರಬಹುದು. ಹರಿದ ತಮಟೆಯ ಕಿವಿಗೆ ಸುರಿದ ಎಣ್ಣೆ ಮಾತ್ರ ನೇರವಾಗಿ ನಡುಗಿವಿಗಿಳಿದು ಅಲ್ಲಿನ ಸೂಕ್ಷ್ಮಾಣುಗಳಿಗೆ ಇನ್ನಷ್ಟು ಒದ್ದೆ ನೆಲೆಯನ್ನು ಒದಗಿಸುತ್ತದೆ. ಇನ್ನು ಪೇಟೆಯ ಔಷಧದಂಗಡಿಯ ದಾರಿ. ಅಲ್ಲಿ ಮೂರು ದಿನದ ಆಂಟಿಬಯಾಟಿಕ್ ಮಾತ್ರೆ ದೊರೆಯುತ್ತದೆ. ಎರಡು ದಿನದಲ್ಲಿ ಕೀವು ಕಡಿಮೆಯಾದರೆ ಉಳಿದ ಮಾತ್ರೆ ಗೂಡಿನಲ್ಲಿ ಉಳಿದು ಮುಂದಿನ ಬಾರಿ ತಂಗಿಯ ಜ್ವರಕ್ಕೆ ಬಳಕೆಯಾಗುತ್ತದೆ.

ವೈದ್ಯಶಾಸ್ತ್ರ ಇಂದು ಹೇಳುವ ದಾರಿ ಇದಕ್ಕಿಂತ ಸರಳ. ಮೊದಲು ಕಿವಿಯ ಕೀವನ್ನು ಶುಭ್ರವಾದ ಹತ್ತಿಯ ಬತ್ತಿಯಿಂದ ಮೃದುವಾಗಿ ಒರೆಸಿ ತೆಗೆಯಬೇಕು; ಬತ್ತಿ ಒದ್ದೆಯಾಗದೆ ಹೊರಬರುವವರೆಗೆ, ದಿನಕ್ಕೆ ಹಲವು ಬಾರಿ. ಬಳಿಕ ವೈದ್ಯರು ಬರೆದುಕೊಟ್ಟ ಸಿಪ್ರೊಫ್ಲಾಕ್ಸಾಸಿನ್‌ನಂತಹ ಆಂಟಿಬಯಾಟಿಕ್‌ನ ಹನಿ. ನುಂಗುವ ಮಾತ್ರೆಗಿಂತ ಕಿವಿಗೆ ಬಿಡುವ ಹನಿಯೇ ಇಲ್ಲಿ ಮೇಲು. ಕಾರಣ ಸ್ಪಷ್ಟ. ನುಂಗಿದ ಔಷಧ ರಕ್ತದಲ್ಲಿ ತೆಳುವಾಗಿ ಹರಡಿ ಗಾಯಗೊಂಡ ನಡುಗಿವಿಗೆ ತಲುಪುವುದು ಅತ್ಯಲ್ಪ. ಸಾಮಾನ್ಯವಾಗಿ ದೊರೆಯುವ ಶೇಕಡಾ 0.3ರ ಹನಿಯಲ್ಲಾದರೋ ಪ್ರತಿ ಮಿಲಿಲೀಟರಿಗೆ 3000 ಮೈಕ್ರೊಗ್ರಾಂ ಔಷಧ ನೇರವಾಗಿ ಸೋಂಕಿನ ಮೇಲೆಯೇ ಬೀಳುತ್ತದೆ. ಕೀವು ತುಂಬಿದ ಕಿವಿಗೆ ಹನಿ ಬಿಟ್ಟರೆ ಅದು ಕೀವಿನ ಮೇಲೆ ತೇಲುತ್ತದೆಯೇ ಹೊರತು ಒಳಗಿಳಿಯುವುದಿಲ್ಲ. ಆದ್ದರಿಂದಲೇ ಬತ್ತಿ ಮೊದಲು, ಹನಿ ಆಮೇಲೆ. ಇಷ್ಟರಿಂದಲೂ ಒಣಗದ ಕಿವಿಗಳಿವೆ. ಅಲ್ಲಿ ಬ್ಯಾಕ್ಟೀರಿಯಗಳು ಬಿಡಿಬಿಡಿಯಾಗಿರದೆ ಲೋಳೆಯ ಪದರವೊಂದನ್ನು ನೇಯ್ದುಕೊಂಡು ಅದರಡಿ ಅಡಗಿರುತ್ತವೆ. ಔಷಧ ಆ ಪದರವನ್ನು ಭೇದಿಸಲಾರದು. ಕೆಲವೆಡೆ ಸೂಕ್ಷ್ಮಾಣುಗಳು ಔಷಧಕ್ಕೇ ಒಗ್ಗಿಕೊಂಡಿವೆ.

ಜೇನುಗೂಡಿನ ‘ಪ್ರೊಪೊಲಿಸ್’ ಮಾತಿನೊಳಗೆ ನುಸುಳುವುದು ಈ ಸೋಲಿನ ಜಾಗದಲ್ಲಿಯೇ. ಆಂಟಿಬಯಾಟಿಕ್ ಒಂದೇ ಗೆಲ್ಲಲಾರದ ಕಿವಿಯಲ್ಲಿ ಅದಕ್ಕೆ ಜೊತೆಗಾರನಾಗಿ ಜೇನಂಟನ್ನು ಬಳಸಬಹುದೆ ಎಂಬ ಪ್ರಶ್ನೆ ಪೊಳ್ಳಲ್ಲ. ಅದನ್ನು ಪೊಳ್ಳಾಗಿಸುತ್ತಿರುವುದು ಪೇಟೆಯ ಸೀಸೆಗಳ ಮೇಲಿನ ಬರಹ. ನೆಗಡಿಯಿಂದ ಕ್ಯಾನ್ಸರಿನವರೆಗೆ ಎಲ್ಲಕ್ಕೂ ಒಂದೇ ಸೀಸೆಯನ್ನು ಮಾರುವ ಅಂಗಡಿ ಕಿವಿಯನ್ನು ಮಾತ್ರ ಬಿಟ್ಟೀತೆ?

ಜೇನಂಟೆಂದರೆ ಏನು? ಮರದ ತೊಗಟೆ ಸೀಳಿದೆಡೆ, ಎಳೆಯ ಮೊಗ್ಗಿನ ಮೈಮೇಲೆ ಒಸರುವ ರಾಳವನ್ನು ಕೆಲವು ಜೇನ್ನೊಣಗಳು ದವಡೆಯಿಂದ ಕೆರೆದು ಹಿಂಗಾಲಿನ ಬುಟ್ಟಿಯಲ್ಲಿ ಅಂಟಿಸಿಕೊಂಡು ಗೂಡಿಗೆ ತರುತ್ತವೆ. ಅಂಟಿಕೊಂಡ ರಾಳವನ್ನು ತಾನೇ ಬಿಡಿಸಿಕೊಳ್ಳಲು ಆ ನೊಣಕ್ಕಾಗದು. ಗೂಡಿನೊಳಗಿನ ಸಂಗಾತಿಗಳು ಅದನ್ನು ಕಚ್ಚಿ ಎಳೆದು, ಮೇಣ ಬೆರೆಸಿ, ಬಿರುಕು ಮುಚ್ಚಲು, ಬಾಗಿಲು ಕಿರಿದಾಗಿಸಲು, ಒಳಗೋಡೆಗೆ ಸಾರಿಸಲು ಬಳಸುತ್ತವೆ. ಗೂಡಿಗೆ ನುಗ್ಗಿ ಸತ್ತ ಇಲಿಯನ್ನು ಹೊರಹಾಕಲಾಗದಿದ್ದರೆ ಅದರ ಮೈಗೆಲ್ಲ ಇದನ್ನು ಮೆತ್ತಿ ಕೊಳೆಯದಂತೆ ಮಾಡುತ್ತವೆ. ಪಟ್ಟಣದ ಮುಂದಿನದು ಎಂಬರ್ಥದ ಗ್ರೀಕ್ ಹೆಸರು ಬಂದಿರುವುದು ಬಾಗಿಲ ಬಳಿಯ ಈ ಕಾವಲಿನಿಂದಲೇ. ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದ ಸಂಶೋಧಕರು 2009ರಲ್ಲಿ ಕಂಡುಕೊಂಡ ಸಂಗತಿ ಇನ್ನೂ ಸ್ವಾರಸ್ಯಕರ. ರಾಳ ಸಾರಿಸಿದ ಪೆಟ್ಟಿಗೆಯಲ್ಲಿ ಬೆಳೆದ ನೊಣಗಳ ರೋಗನಿರೋಧಕ ವ್ಯವಸ್ಥೆ ಅಷ್ಟಾಗಿ ದುಡಿಯಬೇಕಿರಲಿಲ್ಲ. ಗೋಡೆಯ ರಾಳ ಸೂಕ್ಷ್ಮಾಣುಗಳ ಹೊರೆಯನ್ನು ತಗ್ಗಿಸಿತ್ತು. ಮೂರು ವರ್ಷಗಳ ಅನಂತರ ಅದೇ ತಂಡ ಗೂಡಿಗೆ ಶಿಲೀಂಧ್ರ ರೋಗವನ್ನು ತಗುಲಿಸಿ ನೋಡಿದಾಗ ನೊಣಗಳು ಮೊದಲಿಗಿಂತ ಹೆಚ್ಚು ರಾಳ ಹೊತ್ತು ತಂದವು. ಜೇನ್ನೊಣದ ಪಾಲಿಗೂ ರಾಳವು ತನ್ನ ಸ್ವಂತ ಶಕ್ತಿಗೆ ಬದಲಿಯಲ್ಲ, ಅದಕ್ಕೆ ಒತ್ತಾಸೆ.

ಮನುಷ್ಯರ ಕಿವಿಯ ವಿಷಯದಲ್ಲಿ ದೊರೆತಿರುವ ಪುರಾವೆಗಳೇನು? 1993ರಲ್ಲಿ ಪೋಲೆಂಡ್ ಮತ್ತು ಇಸ್ರೇಲಿನ ವಿಜ್ಞಾನಿಗಳು ಮದ್ಯಸಾರದಲ್ಲಿ ಕರಗಿಸಿದ ಜೇನಂಟನ್ನು ಆಂಟಿಬಯಾಟಿಕ್‌ಗಳೊಡನೆ ಬೆರೆಸಿ ಸ್ಟೆಫಿಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯದ ಮೇಲೆ ಪ್ರಯೋಗಿಸಿದರು. ಎರಡೂ ಕೂಡಿದಾಗ ಪರಿಣಾಮ ಹೆಚ್ಚಿತು. ಆಮೇಲೆ ಬೇರೆ ಪ್ರಯೋಗಾಲಯಗಳಲ್ಲಿಯೂ ಇಂಥ ಫಲಿತಾಂಶಗಳು ಬಂದಿವೆ. ಸೋರುವ ಕಿವಿಯ ಇಬ್ಬರು ಮುಖ್ಯ ಅಪರಾಧಿಗಳಲ್ಲಿ ಈ ಸ್ಟೆಫಿಲೊಕಾಕಸ್ ಒಬ್ಬನಾದ್ದರಿಂದ ಇದು ಸಣ್ಣ ಸುದ್ದಿಯಲ್ಲ. ಆದರೆ ಇನ್ನೊಬ್ಬ ಅಪರಾಧಿ ಸ್ಯೂಡೊಮೊನಾಸ್. ಅದರ ಹೊರಕವಚವೇ ಬೇರೆ ಬಗೆಯದು; ಜೇನಂಟಿಗೆ ಅದು ಅಷ್ಟು ಸುಲಭವಾಗಿ ಬಗ್ಗುವುದಿಲ್ಲ. ಮಾರಾಟಗಾರರ ಕರಪತ್ರಗಳು ಮೊದಲನೆಯ ಸಂಗತಿಯನ್ನು ಮಾತ್ರ ಹೇಳಿ ಎರಡನೆಯದನ್ನು ನುಂಗಿಕೊಳ್ಳುತ್ತವೆ.

ಇನ್ನು ಮಕ್ಕಳ ಮೇಲೆ ನಡೆದ ಪರೀಕ್ಷೆ. ಇಟಲಿಯಲ್ಲಿ ಪದೇ ಪದೇ ಕಿವಿನೋವಿಗೆ ತುತ್ತಾಗುತ್ತಿದ್ದ, ಒಂದರಿಂದ ಐದು ವರ್ಷದೊಳಗಿನ 122 ಮಕ್ಕಳನ್ನು ಆರಿಸಿ, ಅರ್ಧದಷ್ಟು ಮಕ್ಕಳಿಗೆ ಮೂರು ತಿಂಗಳ ಕಾಲ ಜೇನಂಟು ಮತ್ತು ಸತುವು ಬೆರೆತ ದ್ರವವನ್ನು ಕುಡಿಸಲಾಯಿತು. 2010ರಲ್ಲಿ ಪ್ರಕಟವಾದ ಫಲಿತಾಂಶದಂತೆ ದ್ರವ ಕುಡಿದವರಲ್ಲಿ ಶೇಕಡಾ 50.8ರಷ್ಟು ಮಕ್ಕಳಿಗೆ, ಕುಡಿಯದವರಲ್ಲಿ ಶೇಕಡಾ 70.5ರಷ್ಟು ಮಕ್ಕಳಿಗೆ ಮತ್ತೆ ಸೋಂಕು ತಗುಲಿತು. ಫಲ ಉತ್ತೇಜನಕರವೇ. ಆದರೆ ಇದನ್ನು ಓದುವಾಗ ಮೂರು ಮಾತು ನೆನಪಿಡಬೇಕಾಗುತ್ತದೆ. ಪರೀಕ್ಷೆ ನಡೆದದ್ದು ಸೋಂಕು ಬಾರದಂತೆ ತಡೆಯಲು, ವರ್ಷಗಟ್ಟಲೆ ಸೋರುತ್ತಿರುವ ಕಿವಿಯನ್ನು ಒಣಗಿಸಲು ಅಲ್ಲ. ಕೊಟ್ಟದ್ದು ಬಾಯಿಗೆ, ಕಿವಿಗಲ್ಲ. ಜೊತೆಗೆ ಸತುವೂ ಇತ್ತು. ಗೆಲುವಿನಲ್ಲಿ ಯಾರ ಪಾಲು ಎಷ್ಟೆಂದು ಹೇಳಲು ಬಾರದು.

ಹಾಗಾದರೆ ಸದ್ಯದ ನಿಲುವು ಏನಿರಬೇಕು? ಜೇನಂಟು ಆಂಟಿಬಯಾಟಿಕ್‌ನ ಕೈಹಿಡಿದು ನಡೆಯಬಲ್ಲ ಭರವಸೆಯ ವಸ್ತು; ಅದರ ಸ್ಥಾನವನ್ನು ತಾನೇ ಆಕ್ರಮಿಸಬಲ್ಲುದಲ್ಲ. ಹನಿಯನ್ನು ನಡುವೆ ನಿಲ್ಲಿಸಿ ‘ನೈಸರ್ಗಿಕ’ ಸೀಸೆಗೆ ಹೊರಳುವುದೆಂದರೆ ಅರೆಸತ್ತ ಬ್ಯಾಕ್ಟೀರಿಯಗಳಿಗೆ ಚೇತರಿಸಿಕೊಂಡು ಔಷಧವನ್ನು ಎದುರಿಸುವ ವಿದ್ಯೆ ಕಲಿಯಲು ರಜೆ ಕೊಟ್ಟಂತೆ. ಪೇಟೆಯ ಜೇನಂಟು ಬಹುಪಾಲು ಮದ್ಯಸಾರದಲ್ಲಿ ಕರಗಿಸಿದ್ದು. ತೂತುಬಿದ್ದ ತಮಟೆಯ ಕಿವಿಗೆ ಅದನ್ನು ಹನಿಸಿದರೆ ಮಗು ಉರಿಯಿಂದ ಚೀರುವುದಷ್ಟೇ ಅಲ್ಲ, ಒಳಗಿವಿಗೂ ಅಪಾಯವಾದೀತು. ಜೇನಂಟು ಚರ್ಮದ ಅಲರ್ಜಿಯನ್ನು ಉಂಟುಮಾಡಬಲ್ಲ ವಸ್ತುವೆಂಬುದೂ ವೈದ್ಯರಿಗೆ ಬಹುಕಾಲದಿಂದ ತಿಳಿದ ಸಂಗತಿ. ಕಿವಿ, ಮೂಗು, ಗಂಟಲಿನ ತಜ್ಞರು ಕಿವಿಯೊಳಗೆ ಇಣುಕಿ ನೋಡದೆ ಮನೆಯಲ್ಲಿ ತಯಾರಿಸಿದ ಯಾವ ದ್ರವವನ್ನೂ, ಅದು ಎಷ್ಟೇ ‘ಕಾಡಿನದು’ ಆಗಿರಲಿ, ಮಗುವಿನ ಕಿವಿಗೆ ಬಿಡುವುದು ತರವಲ್ಲ. ಪರಿಸರದ ಹೆಸರಿನಲ್ಲಿ ದುಡಿಯುವವರು ಈ ಮಾತನ್ನು ಉಳಿದವರಿಗಿಂತ ಗಟ್ಟಿಯಾಗಿ ಹೇಳಬೇಕಾಗಿದೆ. ಏಕೆಂದರೆ ‘ಕಾಡಿನದೆಲ್ಲ ಒಳ್ಳೆಯದು’ ಎಂಬ ನಂಬಿಕೆಗೆ ನೀರೆರೆದವರಲ್ಲಿ ಅವರ ಪಾಲೂ ಇದೆ.

ಇಲ್ಲಿಯವರೆಗಿನದು ವೈದ್ಯರ ಮಾತು. ಮಲೆನಾಡಿನ ಮಾತು ಬೇರೆಯೇ ಇದೆ. ಸೀಸೆಯೊಳಗಿನ ಜೇನಂಟು ಯಾವ ಜೇನಿನದು?

ಮಲೆನಾಡಿನ ಮನೆಮನೆಯ ಪೆಟ್ಟಿಗೆಯಲ್ಲಿ ಸಾಕುವ ತುಡುವೆ ಜೇನು ರಾಳದ ಗೊಡವೆಗೇ ಹೋಗುವುದಿಲ್ಲವೆಂದರೂ ಸರಿ. ಬಿರುಕು ಮುಚ್ಚಲು ಅದಕ್ಕೆ ಮೇಣವೇ ಸಾಕು. ಬಗೆಬಗೆಯ ಸೀಸೆಗಳಿಗೆ ಅಂಟು ಒದಗಿಸುವುದು ಯುರೋಪಿನ ಮೆಲ್ಲಿಫೆರಾ ಜೇನು. ಭಾರತದಲ್ಲಿ ಅದು ಬೇರೂರಿದ್ದು 1962ರಲ್ಲಿ, ಕಾಂಗ್ರಾ ಕಣಿವೆಯ ನಗ್ರೋಟಾದಲ್ಲಿ. 1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಾಣು ರೋಗ ದಕ್ಷಿಣ ಭಾರತದ ತುಡುವೆ ಕುಟುಂಬಗಳನ್ನು ಬಹುತೇಕ ನಿರ್ನಾಮ ಮಾಡಿ, ಕೊಡಗಿನಿಂದ ಉತ್ತರ ಕನ್ನಡದವರೆಗೆ ಪೆಟ್ಟಿಗೆಗಳು ಬರಿದಾಗಿ ಅಟ್ಟ ಸೇರಿದ ಮೇಲೆ, ಮೆಲ್ಲಿಫೆರಾವನ್ನು ದಕ್ಷಿಣದಲ್ಲಿಯೂ ಉತ್ಸಾಹದಿಂದ ಹರಡಲಾಯಿತು. ಲಾರಿಯಲ್ಲಿ ಹೊಲದಿಂದ ಹೊಲಕ್ಕೆ ಸಾಗಿಸುವ ಈ ಜೇನಿಗೆ ರೋಗ ಬಾರದಿರಲೆಂದು ಸಕ್ಕರೆ ಪಾಕದೊಂದಿಗೆ ಏನನ್ನು ಬೆರೆಸಿ ಕುಡಿಸಲಾಗುತ್ತಿತ್ತು? ಆಂಟಿಬಯಾಟಿಕ್! 2010ರಲ್ಲಿ ಯುರೋಪಿಯನ್ ಒಕ್ಕೂಟ ಭಾರತದ ಜೇನುತುಪ್ಪಕ್ಕೆ ಬಾಗಿಲು ಮುಚ್ಚಲು ಔಷಧಗಳ ಶೇಷವೂ ಒಂದು ಕಾರಣ. ಅದೇ ವರ್ಷ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ಪರೀಕ್ಷಿಸಿದ 12 ಮಾದರಿಗಳ ಪೈಕಿ 11ರಲ್ಲಿ ಆಂಟಿಬಯಾಟಿಕ್ ಪತ್ತೆಯಾಯಿತು. ಆಂಟಿಬಯಾಟಿಕ್‌ಗೆ ನೆರವಾಗಲೆಂದು ತರುವ ಅಂಟು ಆಂಟಿಬಯಾಟಿಕ್ ಕುಡಿದ ಗೂಡಿನಿಂದ ಬರಬಹುದೆಂಬುದನ್ನು ಸೀಸೆಯ ಚೀಟಿ ತಿಳಿಸುವುದಿಲ್ಲ.

ಔಷಧದ ನದಿ ಇನ್ನೂ ಮೇಲಿನಿಂದಲೇ ಹರಿದುಬರುತ್ತದೆ. ಹೈದರಾಬಾದಿನ ಬಳಿಯ ಪಟಾಣ್‌ಚೆರುವಿನಲ್ಲಿ ಸುಮಾರು 90 ಔಷಧ ಕಾರ್ಖಾನೆಗಳ ಕೊಳೆನೀರನ್ನು ಶುದ್ಧೀಕರಿಸುವ ಘಟಕವೊಂದರಿಂದ ಹೊರಬಂದ ನೀರನ್ನು ಸ್ವೀಡನ್ನಿನ ವಿಜ್ಞಾನಿಗಳು ಪರೀಕ್ಷಿಸಿ 2007ರಲ್ಲಿ ವರದಿ ಪ್ರಕಟಿಸಿದರು. ‘ಶುದ್ಧೀಕರಿಸಿದ’ ಆ ನೀರಿನ ಪ್ರತಿ ಲೀಟರಿನಲ್ಲಿ 31 ಮಿಲಿಗ್ರಾಂವರೆಗೆ ಸಿಪ್ರೊಫ್ಲಾಕ್ಸಾಸಿನ್ ಇತ್ತು. ಮಾತ್ರೆ ನುಂಗಿದ ರೋಗಿಯ ರಕ್ತದಲ್ಲಿ ಕಾಣಸಿಗುವುದಕ್ಕಿಂತಲೂ ಇದು ಹೆಚ್ಚು. ಸೋರುವ ಕಿವಿಗೆ ವೈದ್ಯರು ಬರೆದುಕೊಡುವುದೂ ಇದೇ ಸಿಪ್ರೊಫ್ಲಾಕ್ಸಾಸಿನ್ ಹನಿಯನ್ನೇ. ನದಿಯ ಕೆಸರಿನಲ್ಲಿ ಕೋಟ್ಯಂತರ ಬ್ಯಾಕ್ಟೀರಿಯಗಳಿಗೆ ಹಗಲಿರುಳು ಔಷಧ ಕುಡಿಸಿ ಪಳಗಿಸುತ್ತಿರುವಾಗ ಮಲೆನಾಡಿನ ತಾಯಿಗೆ ‘ಕೋರ್ಸ್ ಪೂರ್ತಿ ಮಾಡಮ್ಮ’ ಎಂದು ಬುದ್ಧಿ ಹೇಳುವುದು ಅಗತ್ಯವೇ, ಆದರೆ ಅರ್ಧ ನ್ಯಾಯ. ಚೀಟಿಯಿಲ್ಲದೆ ಕೆಲವು ಆಂಟಿಬಯಾಟಿಕ್‌ಗಳನ್ನು ಮಾರದಂತೆ 2014ರಿಂದ ಬಿಗಿ ನಿಯಮವಿದೆ. ಕಾರ್ಖಾನೆಯ ಕೊಳವೆಗೆ ಅಷ್ಟೇ ಬಿಗಿಯಾದ ನಿಯಮ ತರಲು ಮಾತ್ರ ಸರ್ಕಾರ ಮೀನಮೇಷ ಎಣಿಸುತ್ತ ಬಂದಿದೆ.

ಮಲೆನಾಡಿನಲ್ಲಿ ನಿಜವಾಗಿ ಅಂಟು ಕೂಡಿಡುವ ಜೇನೆಂದರೆ ಮಿಸರಿ; ಕರಾವಳಿಯವರ ಮುಜಂಟಿ. ಕೊಂಡಿಯಿಲ್ಲದ, ಸೊಳ್ಳೆಗಿಂತ ತುಸು ದಪ್ಪಗಿನ ಈ ಕಪ್ಪು ನೊಣ ಮಣ್ಣಿನ ಗೋಡೆಯ ಬಿರುಕಿನಲ್ಲಿ, ಮರದ ಪೊಟರೆಯಲ್ಲಿ, ಹಳೆಯ ಮನೆಯ ಕಂಬದ ಸಂದಿನಲ್ಲಿ ನೆಲೆಸಿ ಅಂಟಿನ ಪುಟ್ಟ ಕೊಳವೆಯನ್ನು ಬಾಗಿಲಾಗಿ ಹೊರಚಾಚುತ್ತದೆ. ಅದರ ಗೂಡೆಂದರೆ ಮೇಣ ಮತ್ತು ರಾಳ ಬೆರೆತ ಮಡಕೆಗಳ ರಾಶಿ. ವರ್ಷಕ್ಕೆ ಒಂದು ಗೂಡಿನಿಂದ ದೊರೆಯುವ ತುಪ್ಪ ಕೆಲವು ನೂರು ಗ್ರಾಂ ಮಾತ್ರ. ಅದಕ್ಕೆಂದೇ ಅದರ ಬೆಲೆ ತುಡುವೆ ತುಪ್ಪದ ಹಲವು ಪಟ್ಟು. ಆ ಬೆಲೆಯ ಆಸೆಗೆ ಮರ ಸೀಳಿ, ಗೋಡೆ ಕೆಡವಿ, ಮರಿಗಳ ಸಮೇತ ಗೂಡನ್ನು ಹಿಂಡುವ ಪದ್ಧತಿ ಹೊಸತೇನಲ್ಲ. ಈಗ ತುಪ್ಪದ ಜೊತೆ ಅಂಟಿಗೂ ದರ ನಿಗದಿಯಾಗಿಬಿಟ್ಟರೆ? ತುಪ್ಪ ತೆಗೆದರೆ ಗೂಡು ಮತ್ತೆ ಕಟ್ಟಿಕೊಂಡೀತು. ಅಂಟು ಕೆರೆದರೆ ಮನೆಯ ಗೋಡೆಯನ್ನೇ ಕೆರೆದಂತೆ. ಉಪ್ಪಾಗೆಗೆ, ರಾಮಪತ್ರೆಗೆ, ದಾಲ್ಚಿನ್ನಿಗೆ ಬೇಡಿಕೆ ಬಂದ ವರ್ಷಗಳಲ್ಲಿ ಕೊಂಬೆ ಕಡಿದೇ ಕೊಯ್ಲು ನಡೆದದ್ದನ್ನು ಘಟ್ಟದ ಜನ ಕಂಡಿದ್ದಾರೆ.

ಜೇನಂಟಿನ ಗುಣ ಇರುವುದು ನೊಣದಲ್ಲಿ ಅಲ್ಲ, ಮರದಲ್ಲಿ. ಯುರೋಪಿನ ಅಂಟಿನ ಶಕ್ತಿ ಪಾಪ್ಲರ್ ಮರದ ಮೊಗ್ಗಿನದು. ಬ್ರೆಜಿಲ್‌ನ ಪ್ರಸಿದ್ಧ ಹಸಿರು ಅಂಟು ಬಕ್ಕಾರಿಸ್ ಎಂಬ ಪೊದೆಯದು. ಎರಡರ ರಾಸಾಯನಿಕಗಳೂ ಬೇರೆ ಬೇರೆ. ಒಂದರ ಮೇಲಿನ ಪರೀಕ್ಷೆಯ ಫಲವನ್ನು ಇನ್ನೊಂದಕ್ಕೆ ಅನ್ವಯಿಸುವುದು ಮಾವಿನ ರುಚಿಯನ್ನು ಹಲಸಿನ ಮೇಲೆ ಹೇರಿದಂತೆ. ಹಾಗಾದರೆ ಇಟಲಿಯ ಮಕ್ಕಳು ಕುಡಿದದ್ದು ಮತ್ತು ಮಿಸರಿ ಹೊತ್ತು ತರುವುದು ಒಂದೇ ಅಲ್ಲ. ಮಿಸರಿಯ ರಾಳ ಹಲಸು, ಮಾವು, ಧೂಪಗಳ ಸೀಮೆಯದು. ಆ ಧೂಪವೋ, ಪ್ಲೈವುಡ್ ಕಾರ್ಖಾನೆಗಳಿಗೆ ಹೋಗಿ ಸವೆದ ಮರ. ಅದು ನಿಂತಿದ್ದೆಡೆ ಒಂದೇ ಜಾತಿಯ ಅಕೇಶಿಯಾ ನೆಡುತೋಪು ಎದ್ದರೆ ನೊಣಕ್ಕೆ ಆರಿಸಿಕೊಳ್ಳಲು ಏನು ಉಳಿಯಿತು? ಡಾಂಬರು, ಬಣ್ಣಗಳಂತಹ ಜಿಗುಟು ವಸ್ತುಗಳನ್ನೂ ಜೇನು ರಾಳವೆಂದೇ ಬಗೆದು ಗೂಡಿಗೆ ತರುವುದುಂಟು. ಜೇನಂಟಿನಲ್ಲಿ ಸೀಸದ ಅಂಶ ಕಂಡುಬಂದಿರುವುದೂ ಉಂಟು. ಕಾಡು ಬಡವಾದರೆ ಔಷಧವೂ ಬಡವಾಗುತ್ತದೆಂಬುದು ಇಲ್ಲಿ ಅಲಂಕಾರದ ಮಾತಲ್ಲ, ರಸಾಯನಶಾಸ್ತ್ರ.

ಮಾಡಬೇಕಾದ ಕೆಲಸ ಸಾಕಷ್ಟಿದೆ. ಶಿರಸಿಯ ಅರಣ್ಯ ಕಾಲೇಜು, ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ, ಮೈಸೂರಿನಲ್ಲಿ 1965ರಿಂದ ಇರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ವೈದ್ಯಕೀಯ ಕಾಲೇಜುಗಳ ಕಿವಿ ವಿಭಾಗಗಳು, ಇವೆಲ್ಲ ಕೂಡಿ ಮಿಸರಿ ಅಂಟಿನ ಕುರಿತು ಪ್ರಾಮಾಣಿಕವಾದ ಪರೀಕ್ಷೆ ನಡೆಸಬಾರದೇಕೆ? ಯಾವ ಋತುವಿನಲ್ಲಿ, ಯಾವ ಮರದ ರಾಳ, ಯಾವ ಬ್ಯಾಕ್ಟೀರಿಯವನ್ನು ಎಷ್ಟು ತಡೆಯುತ್ತದೆ, ಸಿಪ್ರೊಫ್ಲಾಕ್ಸಾಸಿನ್ ಜೊತೆಗೂಡಿದಾಗ ಏನಾಗುತ್ತದೆ, ಹರಿದ ತಮಟೆಯ ಮೂಲಕ ಇಳಿದರೆ ಒಳಗಿವಿಗೆ ಹಾನಿಯೇ, ಮದ್ಯಸಾರವಿಲ್ಲದೆ ಅದನ್ನು ಕರಗಿಸುವ ಬಗೆ ಯಾವುದು ಎಂಬ ಪ್ರಶ್ನೆಗಳಿಗೆ ಉತ್ತರ ಬಂದ ಮೇಲೆ ಮಕ್ಕಳ ಕಿವಿಯ ಮಾತು. ಅಲ್ಲಿಯವರೆಗೆ ಶಾಲೆಗೆ ಬರುವ ಆರೋಗ್ಯ ತಪಾಸಣೆಯವರು ಹಲ್ಲು, ಕಣ್ಣುಗಳ ಜೊತೆ ಕಿವಿಯನ್ನೂ ನೋಡಲಿ. ಕಿವುಡುತನ ತಡೆಯ ರಾಷ್ಟ್ರೀಯ ಕಾರ್ಯಕ್ರಮ 2007ರಲ್ಲಿ ಆರಂಭವಾದದ್ದು ಇದಕ್ಕಾಗಿಯೇ. ನ್ಯೂಮೊಕಾಕಸ್ ಲಸಿಕೆ 2021ರಿಂದ ದೇಶದಾದ್ಯಂತ ಉಚಿತವಾಗಿ ದೊರೆಯುತ್ತಿದೆ. ಅಡಿಗೆಮನೆಯ ಹೊಗೆಯೂ ಮಕ್ಕಳ ನಡುಗಿವಿಯ ಶತ್ರುವೇ. ಇಟಲಿಯ ಆ ಪರೀಕ್ಷೆಯಲ್ಲಿ ಎರಡೂ ಗುಂಪಿನ ಮಕ್ಕಳ ಸುತ್ತಲಿನ ಇಂಥ ಕಾರಣಗಳನ್ನು ಮೊದಲು ನಿವಾರಿಸಲಾಗಿತ್ತೆಂಬುದನ್ನು ಸೀಸೆ ಮಾರುವವರು ಎಂದೂ ಹೇಳುವುದಿಲ್ಲ. ಒಲೆಯ ಹೊಗೆಯನ್ನು ಹೊರಗಟ್ಟುವ ಕೊಳವೆಗೆ ಜಾಹೀರಾತು ಕೊಡುವವರಿಲ್ಲವಲ್ಲ.

ಮಿಸರಿಯ ವಿಷಯದಲ್ಲಿ ಕಾಯಲು ಸಮಯವಿಲ್ಲ. 2002ರ ಜೀವವೈವಿಧ್ಯ ಕಾಯಿದೆಯಡಿ ಪಂಚಾಯಿತಿಗೊಂದು ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಬಹಳಷ್ಟು ಕಡೆ ಅದು ಇರುವುದು ಕಡತದಲ್ಲಿ. 2023ರ ತಿದ್ದುಪಡಿ ಗ್ರಂಥಸ್ಥ ಜ್ಞಾನವನ್ನು ಬಳಸುವವರಿಗೆ ಲಾಭ ಹಂಚಿಕೆಯಿಂದ ವಿನಾಯಿತಿ ನೀಡಿ ಆ ಸಮಿತಿಯ ಕೈಯನ್ನು ಇನ್ನಷ್ಟು ಸಡಿಲಿಸಿದೆ. ಆದರೂ ತನ್ನ ಎಲ್ಲೆಯೊಳಗಿನ ಮಿಸರಿ ನೆಲೆಗಳನ್ನು ದಾಖಲಿಸಿಕೊಳ್ಳಲು, ಮರ ಸೀಳಿ ಗೂಡು ಕೀಳದಂತೆ ಊರಿನ ಒಪ್ಪಂದ ಮಾಡಿಕೊಳ್ಳಲು, ಮಡಕೆಯಲ್ಲಿ, ಬಿದಿರಿನಲ್ಲಿ, ಮರದ ಪೆಟ್ಟಿಗೆಯಲ್ಲಿ ಮಿಸರಿ ಸಾಕುವ ವಿದ್ಯೆ ಬಲ್ಲವರಿಂದ ಅದನ್ನು ಮಹಿಳಾ ಸಂಘಗಳಿಗೆ ಕಲಿಸಲು ಯಾರ ಅಪ್ಪಣೆಯೂ ಬೇಕಿಲ್ಲ. ತುಪ್ಪದ ಕಾಲ ಫಾಲ್ಗುಣ, ಚೈತ್ರಗಳದು. ಕೊಳ್ಳುವವರ ಜೀಪು ಘಟ್ಟ ಹತ್ತುವುದೂ ಆಗಲೇ. ಸಮಿತಿಯ ಸಭೆ ಅದಕ್ಕೆ ಮೊದಲು, ಮಾಗಿಯಲ್ಲಿಯೇ ನಡೆಯಬೇಕಾದೀತು.